ಮುಚ್ಚಳದ ಹಿಂದಿನ ಕೃತ್ತಿಕೆ

ಕ್ಯಾಮರಾವನ್ನು ಚೀಲದೊಳಗೆ ಇಟ್ಟುಕೊಂಡು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮನೆಯಲ್ಲಿದ್ದ ಒಂದೇ ಒಂದು ಗಟ್ಟಿ ಚೀಲದಲ್ಲಿ ಹೆಂಡತಿ ಗಂಗಾದೇವಿ ಅವರೆಕಾಯಿ ತುಂಬಿಟ್ಟಿದ್ದಳು. "ಈಗ ಸುರಿದ್ರೆ ಮನೆ ತುಂಬ ಹುಳ ಹರಿದಾಡ್ತವೆ. ಆರಿಸೋರು ಯಾರು, ನೀವಾ?" ಎಂದಳು. ಹೀಗಾಗಿ ಬ್ಯಾಟರಾಯಪ್ಪ ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡು, ಹಾರ ಬಿದ್ದ ಮದುಮಗನ ಹಾಗೆ ಅಟ್ಟೂರಿನ ಬೀದಿಗೆ ಇಳಿದ.

ಬ್ಯಾಟರಾಯಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಹಗಲೆಲ್ಲ ನಟ್ಟು ಬೋಲ್ಟು ಎಣಿಸುವವನಿಗೆ ರಾತ್ರಿ ನಕ್ಷತ್ರ ನೋಡುವ ಹುಚ್ಚು. ಚಿಕ್ಕಂದಿನಲ್ಲಿ ಅವನ ತಂದೆ ಗುಡಿಯ ಜಗಲಿಯಲ್ಲಿ ಕಾವ್ಯವಾಚನ ಕೇಳುವಾಗ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಆರು ಮಂದಿ ಕೃತ್ತಿಕೆಯರು ಷಣ್ಮುಖನಿಗೆ ಹಾಲೂಡಿದ ಪದ್ಯ ಬಂತೆಂದರೆ ವಾಚನ ಮಾಡುವವರು ರಾಗವನ್ನು ಎಳೆದೆಳೆದು ನಿಲ್ಲಿಸಿ, ಕೈಯೆತ್ತಿ ಕೆರೆಯ ಮೇಲಿನ ಆಕಾಶವನ್ನು ತೋರಿಸುತ್ತಿದ್ದರು. ಅಂದು ಕಂಡ ಆ ಬೆಳಕಿನ ಗೊಂಚಲು ಅವನ ಕಣ್ಣಿನಿಂದ ಇಳಿದೇ ಇರಲಿಲ್ಲ. ಈಗ ಊರಿನ ಖಗೋಳ ಸಂಘದವರು ಪ್ರದರ್ಶನ ಇಡುತ್ತೇವೆ, ಹವ್ಯಾಸಿಗಳು ತೆಗೆದ ನಕ್ಷತ್ರದ ಫೋಟೋ ತಂದುಕೊಡಿ ಎಂದು ಹೇಳಿದಾಗ, ಕೃತ್ತಿಕೆಯನ್ನು ಬಿಟ್ಟು ಬೇರೇನೂ ಅವನಿಗೆ ಹೊಳೆಯಲಿಲ್ಲ.

ಕ್ಯಾಮರಾ ಅವನದಲ್ಲ, ಕಾರ್ಖಾನೆಯ ಮ್ಯಾನೇಜರು ಅಪ್ಪಾಸಾಹೇಬರದು. ಅವರಿಗೆ ಬೆಳಗಾವಿಗೆ ವರ್ಗವಾಗಿತ್ತು. ನಾಳೆ ಸಂಜೆಯೊಳಗೆ ಕ್ಯಾಮರಾ ಅವರ ಕೈಸೇರಬೇಕು, ನಾಳೆ ಮಧ್ಯಾಹ್ನದೊಳಗೆ ಚಿತ್ರ ಸಂಘದ ಕೈಸೇರಬೇಕು. ಒಂದು ರೋಲಿಗೆ ಹನ್ನೆರಡು ಫೋಟೋ. ಹನ್ನೊಂದು ಆಗಲೇ ಹಾಳಾಗಿದ್ದವು. ಒಂದರಲ್ಲಿ ಮೋಡ, ಒಂದರಲ್ಲಿ ಲಾರಿಯ ದೀಪ, ಉಳಿದವುಗಳಲ್ಲಿ ನಕ್ಷತ್ರಗಳೆಲ್ಲ ಶಾವಿಗೆಯಂತೆ ಎಳೆದುಕೊಂಡು ಹೋಗಿರಬೇಕೆಂದು ಅವನಿಗೇ ಗೊತ್ತಿತ್ತು. ನಕ್ಷತ್ರದ ಬೆಳಕು ಬೀಳಲು ಕ್ಯಾಮರಾದ ಕಣ್ಣು ಹಲವು ನಿಮಿಷ ತೆರೆದೇ ಇರಬೇಕು. ಅಷ್ಟು ಹೊತ್ತೂ, ಬಾಗಿಲ ಕೀಲು ಹಾಕಿ ಜೋಡಿಸಿದ ಎರಡು ಹಲಗೆಯ ಮೇಲೆ ಅದನ್ನು ಕೂರಿಸಿ, ಒಂದು ತಿರುಪುಮೊಳೆಯನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ, ಭೂಮಿ ತಿರುಗುವಷ್ಟೇ ನಿಧಾನವಾಗಿ ಕ್ಯಾಮರಾವನ್ನು ನಕ್ಷತ್ರಗಳ ಹಿಂದೆ ನಡೆಸಬೇಕು. ಒಂದು ಕೆಮ್ಮು ಬಂದರೂ ಆಕಾಶ ಅಲ್ಲಾಡಿಬಿಡುತ್ತದೆ. ಕೊನೆಯದಾದ ಹನ್ನೆರಡನೆಯದನ್ನು ಮಾತ್ರ ಅವನು ನಿನ್ನೆ ರಾತ್ರಿ ಕೆರೆ ಏರಿಯ ಮೇಲೆ ಉಸಿರು ಬಿಗಿಹಿಡಿದು ತೆಗೆದಿದ್ದ. ಕೈ ನಡುಗಿರಲಿಲ್ಲ, ಮೋಡ ಬಂದಿರಲಿಲ್ಲ. ಚಿತ್ರ ಚೆನ್ನಾಗಿ ಬಿದ್ದಿದೆ ಎಂದು ಅವನ ಮನಸ್ಸು ಹೇಳುತ್ತಿತ್ತು.

ಒಂದೇ ತೊಡಕು. ರೋಲು ಸುತ್ತುವ ತಿರುಪು ಬಿಗಿಯಾಗಿತ್ತು. "ಕೊನೇದು ತೆಗೆದ್ಮೇಲೆ ಅದನ್ನ ಮುಟ್ಟಬೇಡಿ, ಬಲ ಹಾಕಿದ್ರೆ ಹರಿದೋಗ್ತದೆ. ಹಂಗೇ ತನ್ನಿ, ಕತ್ತಲೆ ಕೋಣೇಲಿ ನಾನೇ ಬಿಚ್ತೀನಿ" ಎಂದು ಆರ್.ಟಿ. ನಗರದ ಸ್ಟುಡಿಯೋ ರಹಮತುಲ್ಲಾ ಹೇಳಿದ್ದರು. ಆದ್ದರಿಂದ ಕೃತ್ತಿಕೆಯ ಫೋಟೋ ಸುತ್ತಿಕೊಂಡು ಒಳಗೆ ಸೇರದೆ, ಕ್ಯಾಮರಾದ ಕಣ್ಣಿನ ಹಿಂದೆಯೇ ನಿಂತಿತ್ತು. ಈಗ ಯಾರಾದರೂ ಗುಂಡಿ ಒತ್ತಿದರೆ ಅದರ ಮೇಲೆಯೇ ಇನ್ನೊಂದು ಚಿತ್ರ ಬಿದ್ದುಬಿಡುತ್ತದೆ. ನಡುವೆ ಇದ್ದ ಕಾವಲು ಎಂದರೆ ಕಣ್ಣಿಗೆ ಹಾಕುವ ಕಪ್ಪು ಮುಚ್ಚಳ ಒಂದೇ.

ಬೀದಿಗೆ ಇಳಿದ ಕೂಡಲೇ ಪಕ್ಕದ ಮನೆಯ ದ್ರೌಪದಮ್ಮ ಸಿಕ್ಕಳು. ಬಾಗಿಲಿಗೆ ರಂಗೋಲಿ ಹಾಕುತ್ತಿದ್ದವಳು ಅರ್ಧಕ್ಕೇ ಎದ್ದು ನಿಂತಳು.

"ಏನೋ ಬ್ಯಾಟ್ರಾಯ, ಕ್ಯಾಮರಾ ನೇತಾಕೊಂಡು ಯಾರ ಮದ್ವೆಗೋ?"

"ಮದ್ವೆ ಇಲ್ಲ ದೊಡ್ಡಮ್ಮ. ಫೋಟೋ ತೊಳಿಸೋಕೆ ಹೊರಟಿದ್ದೀನಿ."

"ಹಂಗಾದ್ರೆ ನಂದೊಂದು ತೆಗೆದು ಅದ್ನೂ ತೊಳಿಸ್ಬಿಡು."

"ರೋಲು ಮುಗ್ದೋಗಿದೆ ದೊಡ್ಡಮ್ಮ."

ದ್ರೌಪದಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮುಗ್ದೋಯ್ತಾ? ರಾತ್ರಿಯೆಲ್ಲ ಏರಿ ಮೇಲೆ ಕೂತು ಕತ್ಲೆ ಫೋಟೋ ತೆಗೆಯೋಕೆ ರೋಲಿತ್ತು. ನಿನ್ನ ಎತ್ತಿ ಆಡಿಸಿದ ದೊಡ್ಡಮ್ಮಂದು ತೆಗೆಯೋಕೆ ಮುಗ್ದೋಯ್ತು! ಆಗ್ಲಿ ಬಿಡಪ್ಪ. ನಾನು ಸತ್ಮೇಲೆ ಗೋಡೆಗೆ ನೇತಾಕೋಕೆ ಆ ಕತ್ಲೇನೇ ತಂದ್ಕೊಡು, ಅದಕ್ಕೇ ಹಾರ ಹಾಕ್ತಾರೆ."

ಬ್ಯಾಟರಾಯಪ್ಪನಿಗೆ ಹುಟ್ಟಿದಾಗಿನಿಂದ ಒಂದು ಕಾಯಿಲೆ. ಯಾರಾದರೂ ಮುಖ ಬಾಡಿಸಿಕೊಂಡರೆ 'ಇಲ್ಲ' ಎಂಬ ಮಾತು ಗಂಟಲಲ್ಲೇ ಕರಗಿಹೋಗುತ್ತಿತ್ತು. ಅವನು ಇನ್ನೂ ಯೋಚಿಸುತ್ತಿರುವಾಗಲೇ ಮುದುಕಿ ಒಳಗೆ ಹೋಗಿ, ಪೆಟ್ಟಿಗೆಯ ನುಸಿಗುಳಿಗೆ ವಾಸನೆ ಹೊಡೆಯುವ ರೇಷ್ಮೆ ಸೀರೆ ಉಟ್ಟು ಬಂದು, ಗೋಡೆಗೆ ಒರಗಿಸಿದ ಒನಕೆಯ ಹಾಗೆ ಬಿಗಿಯಾಗಿ ನಿಂತುಬಿಟ್ಟಳು.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಆ ಕ್ಯಾಮರಾಕ್ಕೆ ಎರಡು ಕಣ್ಣು. ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ಇಣುಕಬೇಕು. ಮುಚ್ಚಳ ಇದ್ದದ್ದು ಕೆಳಗಿನ ಕಣ್ಣಿಗೆ. ಅದನ್ನು ತೆಗೆಯದೆ ಗುಂಡಿ ಒತ್ತಿದರೆ ಸದ್ದು ಬರುತ್ತದೆ, ಚಿತ್ರ ಬೀಳುವುದಿಲ್ಲ. ಕೃತ್ತಿಕೆಗೂ ಕ್ಷೇಮ, ದೊಡ್ಡಮ್ಮನಿಗೂ ಸಮಾಧಾನ. ನಾಳೆ ಕೇಳಿದರೆ 'ಬಿದ್ದಿಲ್ಲ' ಎಂದರಾಯಿತು. ಫೋಟೋ ಬೀಳದಿರುವುದು ಆ ಕಾಲದಲ್ಲಿ ಯಾರಿಗೂ ಹೊಸದಲ್ಲ.

'ಸ್ವಾಮೀ, ಇದೊಂದು ಸುಳ್ಳು ನಿನ್ನ ತಾಯಂದಿರಿಗೋಸ್ಕರ' ಎಂದು ಷಣ್ಮುಖನನ್ನು ನೆನೆದು ಬ್ಯಾಟರಾಯಪ್ಪ ಗುಂಡಿ ಒತ್ತಿದ. ಟಿಕ್!

"ಬಿತ್ತಾ?"

"ಲಕ್ಷಣವಾಗಿ ಬಿತ್ತು ದೊಡ್ಡಮ್ಮ."

"ನೂರು ವರ್ಷ ಬಾಳು" ಎಂದು ಹರಸಿದ ದ್ರೌಪದಮ್ಮ, ಉಟ್ಟ ಸೀರೆಯಲ್ಲೇ ಆ ಸುದ್ದಿಯನ್ನು ಹಿಂದಿನ ಬೀದಿಗೆ ಹೊತ್ತುಕೊಂಡು ಹೋದಳು. ಬ್ಯಾಟರಾಯಪ್ಪ ಬಸ್ ಸ್ಟಾಪು ಮುಟ್ಟುವ ಮೊದಲೇ ಸುದ್ದಿ ಅಲ್ಲಿ ಬಂದು ಕೂತಿತ್ತು.

ಬಸ್ ಸ್ಟಾಪಿನ ಎದುರಿಗೇ ಖಾದರ್ ಬಾಷಾನ ಟೈಲರ್ ಅಂಗಡಿ. ಅಳತೆ ಟೇಪನ್ನು ಜನಿವಾರದಷ್ಟು ನಿಷ್ಠೆಯಿಂದ ಹಾಕಿಕೊಳ್ಳುವ ಮನುಷ್ಯ. ಊರಿನಲ್ಲಿ ಯಾರ ಷರ್ಟಿನ ಗುಂಡಿ ಬಿಚ್ಚಿದ್ದರೂ ಅವರನ್ನು ಪಕ್ಕಕ್ಕೆ ಕರೆದು, ಯಾರಿಗೂ ಕಾಣದ ಹಾಗೆ ಹೊಲಿದು ಕಳಿಸುವಷ್ಟು ಮರ್ಯಾದಸ್ಥ. ದಾರ, ಲೈನಿಂಗ್ ಬಟ್ಟೆ ತರಲು ಅವನೂ ಆರ್.ಟಿ. ನಗರಕ್ಕೆ ಹೊರಟಿದ್ದ.

"ಬನ್ನಿ ಬ್ಯಾಟರಾಯಪ್ನೋರೇ, ಜೊತೆಗೇ ಹೋಗೋಣ. ದ್ರೌಪದಮ್ಮಂದು ತೆಗೆದ್ರಂತೆ?"

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು ಕ್ಯಾಮರಾ ನೋಡಿದವನೇ ಸೀಟಿ ಊದಿ ಬಸ್ಸು ನಿಲ್ಲಿಸಿಯೇಬಿಟ್ಟ. "ಗುರುವೇ, ನಮ್ದೂ ಒಂದು! ನಾಲ್ಕು ವರ್ಷದಿಂದ ಈ ಬಸ್ಸಲ್ಲೇ ಸಾಯ್ತಾ ಇದ್ದೀನಿ. ಹುಡುಗಿ ಕಡೆಯೋರಿಗೆ ತೋರ್ಸೋಕೆ ಬಸ್ಸಿನ ಜೊತೆ ಒಂದು ಫೋಟೋ ಬೇಡ್ವಾ?"

ಈ ಸಲ ಬ್ಯಾಟರಾಯಪ್ಪನಿಗೆ ಅಳುಕು ಕಡಿಮೆಯಾಗಿತ್ತು. ಖರ್ಚಿಲ್ಲದ ದಾನಕ್ಕೆ ಕೈ ಬಹಳ ಬೇಗ ಪಳಗುತ್ತದೆ. ಕಂಡಕ್ಟರು ಬಾಗಿಲಲ್ಲಿ ನೇತುಬಿದ್ದ. ಡ್ರೈವರು ಸ್ಟೀರಿಂಗ್ ಬಿಟ್ಟು ಮೀಸೆ ಹಿಡಿದ. ಖಾದರ್ ಬಾಷಾ ಬಾಚಣಿಗೆ ತೆಗೆದು ತಲೆ ಬಾಚಿ ಮೆಟ್ಟಿಲ ಮೇಲೆ ನಿಂತ. ಕಿಟಕಿಗಳಿಂದ ಹಣ್ಣು ತುಂಬಿದ ಕೊಂಬೆಯ ಹಾಗೆ ತಲೆಗಳು ಹೊರಗೆ ಜೋತುಬಿದ್ದವು. ಟಿಕ್!

"ನಾನು ಕಣ್ಮುಚ್ಬಿಟ್ಟೆ, ಇನ್ನೊಂದು!" ಎಂದ ಡ್ರೈವರು.

"ಇನ್ನೊಂದಕ್ಕೇನಂತೆ, ಎರಡು ತೆಗೀತೀನಿ" ಎಂದು ಬ್ಯಾಟರಾಯಪ್ಪ ಕರ್ಣನಂತೆ ನುಡಿದ. ಟಿಕ್! ಟಿಕ್! ಎಲ್ಲರೂ ನಕ್ಕರು. ಖಾದರ್ ಬಾಷಾ ಒಬ್ಬ ಮಾತ್ರ ಏನೋ ಹೇಳಲು ಬಾಯಿ ತೆರೆದು, ಸುತ್ತಲಿನ ಜನರನ್ನು ನೋಡಿ ಮತ್ತೆ ಮುಚ್ಚಿಕೊಂಡ.

ಬಸ್ಸು ಹೊರಟು ನೂರು ಮಾರು ಹೋಗಿರಲಿಲ್ಲ, ಗಕ್ಕನೆ ನಿಂತಿತು. ದಾರಿಯ ನಟ್ಟನಡುವೆ, ಹುಣಿಸೆಮರದ ನೆರಳಲ್ಲಿ, ಇದ್ದಿಲಿನ ರಾಶಿಯಂಥ ಒಂದು ಎಮ್ಮೆ. ಹಗ್ಗ ಹಿಡಿದುಕೊಂಡು ಅದರ ಒಡೆಯ, ಊರಿನ ಮುನಿವೆಂಕಟಯ್ಯ.

"ಎಮ್ಮೆ ಹೊಡ್ಕೊಳ್ಳಯ್ಯ!" ಎಂದು ಡ್ರೈವರು ಹಾರನ್ ಒತ್ತಿದ.

"ಹೊಡ್ಕೊಳ್ಳಲ್ಲ. ಊರಿನೋರ್ದೆಲ್ಲ ತೆಗೆದವ್ನೆ, ನನ್ ಗೌರಿದೂ ತೆಗೀಲಿ. ಆಮ್ಯಾಕೆ ಬಸ್ಸು ಓಗ್ಲಿ."

ಒಳಗಿನಿಂದ ಕೂಗಾಟ ಶುರುವಾಯಿತು. "ತೆಗೀರಿ ಸ್ವಾಮಿ, ಡ್ಯೂಟಿಗೆ ಹೊತ್ತಾಯ್ತು!" "ಎಮ್ಮೆಗೆ ಸ್ವಲ್ಪ ನಗೋಕೆ ಹೇಳಯ್ಯ!" "ಬಾಚಣಿಗೆ ಕೊಡ್ಲಾ ಅದಕ್ಕೆ?"

ಬ್ಯಾಟರಾಯಪ್ಪ ಇಳಿದ. ಹಿಂದೆಯೇ ಖಾದರ್ ಬಾಷಾನೂ ಇಳಿದ.

"ನೋಡು ಬ್ಯಾಟ್ರಾಯಪ್ಪ," ಮುನಿವೆಂಕಟಯ್ಯನ ದನಿ ಸ್ವಲ್ಪ ತಗ್ಗಿತು, "ನಮ್ಮನೆಯೋಳು ತೀರೋದ್ಮೇಲೆ ನಂಗೆ ಬೆಳಗಾದ್ರೆ ಮಾತಾಡೋಕೆ ಇರೋಳು ಇವಳೊಬ್ಳೇ. ಅವಳ್ದಂತೂ ಒಂದು ಫೋಟೋ ಇಲ್ಲ. ಇವಳ್ದಾದ್ರೂ ಇರ್ಲಿ ಅಂತ."

ಒಂದು ಕ್ಷಣ ಬ್ಯಾಟರಾಯಪ್ಪನ ಕೈ ಮುಚ್ಚಳದ ಹತ್ತಿರಕ್ಕೂ ಹೋಯಿತು. ಆದರೆ ಅದರ ಹಿಂದೆ ಕೃತ್ತಿಕೆ! ಮನಸ್ಸು ಕಲ್ಲು ಮಾಡಿಕೊಂಡು ಕೈ ಹಿಂದೆಗೆದ. ತಲೆ ಬಗ್ಗಿಸಿ ಗಾಜಿನಲ್ಲಿ ನೋಡಿದ. ಎಮ್ಮೆಯ ಮುಖ, ಮೈ, ಕೋಡು ಗಾಜಿನ ತುಂಬ ಕಪ್ಪಗೆ ತುಂಬಿಕೊಂಡವು.

"ಸರಿಯಾಗಿ ಹಿಡೀರಿ ಬ್ಯಾಟರಾಯಪ್ನೋರೇ," ಎಂದು ಖಾದರ್ ಬಾಷಾ ಪಕ್ಕದಲ್ಲೇ ನಿಂತು ಕ್ಯಾಮರಾದ ಅಡಿಗೆ ಕೈಕೊಟ್ಟ. "ಹಾಂ, ಈಗ."

ಟಿಕ್!

ಎಮ್ಮೆ ಒಂದು ಸಲ ಕಿವಿ ಆಡಿಸಿ ದಾರಿ ಬಿಟ್ಟಿತು. ಬಸ್ಸಿನಲ್ಲಿ ಕೂತ ಮೇಲೆ ಬ್ಯಾಟರಾಯಪ್ಪ ಮೆಲ್ಲಗೆ ಕೆಳಗಿನ ಕಣ್ಣು ಮುಟ್ಟಿ ನೋಡಿಕೊಂಡ. ಮುಚ್ಚಳ ಭದ್ರವಾಗಿತ್ತು. ಹೆಬ್ಬಾಳ ಬರುವ ತನಕ ಅವನು ಕಣ್ಣು ಮುಚ್ಚಿಕೊಂಡು ಪ್ರದರ್ಶನದ ಗೋಡೆಯನ್ನೇ ಕಂಡ. ಗೋಡೆಯ ಮೇಲೆ ಕೃತ್ತಿಕೆ. ಕೆಳಗೆ ಅವನ ಹೆಸರು, ಅದರ ಪಕ್ಕದಲ್ಲಿ ಅಟ್ಟೂರು ಎಂದು ಊರಿನ ಹೆಸರು.

ಸ್ಟುಡಿಯೋದಲ್ಲಿ ರಹಮತುಲ್ಲಾ ಕ್ಯಾಮರಾ ತೆಗೆದುಕೊಂಡು ಕತ್ತಲೆ ಕೋಣೆಗೆ ಹೋದರು. ಬ್ಯಾಟರಾಯಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಎದ್ದ. ಮತ್ತೆ ಕೂತ. ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡನಂತೆ ಬಾಗಿಲಿನ ಪರದೆಯನ್ನೇ ನೋಡಿದ. ಖಾದರ್ ಬಾಷಾ ದಾರ, ಬಟ್ಟೆ ಕೊಂಡು ಬಂದು, ಚಹಾ ತರಿಸಿ, ಎರಡನೆಯ ಚಹಾವನ್ನೂ ತರಿಸಿದ. ಕೊನೆಗೆ ಪರದೆ ಸರಿಯಿತು. ರಹಮತುಲ್ಲಾರ ಕೈಯಲ್ಲಿ ಒದ್ದೆಯಾದ ಒಂದು ಚಿತ್ರ, ಮುಖದಲ್ಲಿ ಒಂದು ಸಂದೇಹ.

"ಬ್ಯಾಟರಾಯಪ್ನೋರೇ, ಹನ್ನೊಂದು ನೀವು ಹೇಳ್ದಂಗೇ ಕೆಟ್ಟಿವೆ. ಕೊನೇದು... ನಕ್ಷತ್ರ ಅಂದಿದ್ರಿ, ಅಲ್ವಾ?"

"ಹೌದು. ಬಂದಿವೆಯಾ?"

"ಬಂದಿವೆ. ನನ್ನ ಸರ್ವೀಸಲ್ಲೇ ಇಷ್ಟು ಚೆನ್ನಾಗಿ ನೋಡಿಲ್ಲ. ಸೂಜಿಯಲ್ಲಿ ಚುಚ್ಚಿದಂಗೆ ಒಂದೊಂದೂ ಬಂದಿದೆ."

"ದೇವರು ದೊಡ್ಡವನು!"

"ಅದೆಲ್ಲ ಸರಿ," ಎಂದರು ರಹಮತುಲ್ಲಾ. "ಆದ್ರೆ ಕೋಡು ಯಾಕಿವೆ?"

ಬ್ಯಾಟರಾಯಪ್ಪ ಚಿತ್ರವನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದ. ಗೌರಿ ಅವನನ್ನು ನೋಡುತ್ತಿದ್ದಳು. ಬಿಸಿಲು ಬಿದ್ದ ರಸ್ತೆ ಬೆಳ್ಳಗಾಗಿ ಅಲ್ಲಿದ್ದ ನಕ್ಷತ್ರಗಳೆಲ್ಲ ಮಾಯವಾಗಿದ್ದವು. ಆದರೆ ಎಮ್ಮೆಯ ಕಪ್ಪು ಮೈ ಅಮಾವಾಸ್ಯೆಯ ಆಕಾಶವಾಗಿಬಿಟ್ಟಿತ್ತು. ಬೆನ್ನ ಮೇಲೆ ರೋಹಿಣಿ ದೀಪದಂತೆ ಹೊಳೆಯುತ್ತಿತ್ತು. ಹೊಟ್ಟೆಯ ತುಂಬ ಹೆಸರಿಲ್ಲದ ಚುಕ್ಕಿಗಳು ಎರಚಿದಂತಿದ್ದವು. ಎರಡು ಕೋಡುಗಳ ನಡುವೆ, ಅಗಲ ಹಣೆಯ ಮೇಲೆ, ಪೂಜಾರಿ ಎಣಿಸಿ ಇಟ್ಟ ಅಕ್ಷತೆಯಂತೆ ಕೃತ್ತಿಕೆ. ಆಕಾಶದಲ್ಲಿ ಕುದುರೆಯ ತಲೆಯಂಥ ಒಂದು ನೀಹಾರಿಕೆ ಇದೆಯೆಂದು ಬ್ಯಾಟರಾಯಪ್ಪ ಪುಸ್ತಕದಲ್ಲಿ ಓದಿದ್ದ. ಎಮ್ಮೆಯ ತಲೆಯದನ್ನು ಕಂಡವರು ಲೋಕದಲ್ಲಿ ಇನ್ನೂ ಯಾರೂ ಇರಲಿಲ್ಲ.

"ಇದು ಹೇಗೆ... ಮುಚ್ಚಳ ಹಾಕಿತ್ತಲ್ಲ..." ಎಂದು ತೊದಲಿದ.

ಖಾದರ್ ಬಾಷಾ ಸುತ್ತ ನೋಡಿ, ಹತ್ತಿರ ಬಂದು, ಬಿಚ್ಚಿದ ಗುಂಡಿಯ ವಿಷಯ ಹೇಳುವಾಗಿನ ದನಿಯಲ್ಲಿ ಪಿಸುಗುಟ್ಟಿದ. "ಬೇಜಾರ್ ಮಾಡ್ಕೋಬೇಡಿ. ಬಸ್ಸಿನ ಫೋಟೋ ತೆಗೆಯೋವಾಗ ನೋಡ್ದೆ, ಮುಚ್ಚಳ ತೆಗೆಯೋದೇ ಮರ್ತಿದ್ದೀರಿ. ಅಷ್ಟು ಜನದ ಮುಂದೆ ಹೆಂಗೆ ಹೇಳೋದು? ನಿಮ್ಮ ಮರ್ಯಾದೆ ಪ್ರಶ್ನೆ. ಅದಕ್ಕೇ ಎಮ್ಮೆ ಹತ್ರ, ನೀವು ತಲೆ ಬಗ್ಗಿಸಿದಾಗ, ನಾನೇ ಮೆಲ್ಲಗೆ ತೆಗ್ದೆ. ಟಿಕ್ ಅಂತು. ವಾಪಸ್ ಹಾಕ್ದೆ. ಯಾರಿಗೂ ಗೊತ್ತಾಗ್ಲಿಲ್ಲ, ನಿಮಗೂ ಗೊತ್ತಾಗ್ಲಿಲ್ಲ!"

ಬ್ಯಾಟರಾಯಪ್ಪನ ನಾಲಿಗೆಯ ತುದಿಗೆ ಬೈಗುಳಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ಬಂದು ನಿಂತವು. ಆದರೆ ಒಂದನ್ನೂ ಆಡುವ ಹಾಗಿಲ್ಲ. ಬೈಯಬೇಕಾದರೆ, ಮುಚ್ಚಳ ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು ಎನ್ನಬೇಕು. ಹಾಗೆಂದರೆ ದ್ರೌಪದಮ್ಮನ ರೇಷ್ಮೆ ಸೀರೆ, ಕಂಡಕ್ಟರನ ಹುಡುಗಿ, ಡ್ರೈವರನ ಮೀಸೆ ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ಅವನು ಬೈಗುಳಗಳನ್ನು ಒಟ್ಟಿಗೆ ನುಂಗಿ, "ಬಹಳ ಉಪಕಾರ ಆಯ್ತು ಭಾಯ್" ಎಂದ.

"ಅರೆ, ನಾವು ನಾವೇ ಅಲ್ವಾ!" ಖಾದರ್ ಬಾಷಾನ ಮುಖ ಅರಳಿತು. ಮರುಕ್ಷಣವೇ ಸಣ್ಣಗಾಯಿತು. "ಆದ್ರೆ ಪಾಪ, ನಿಮ್ಮ ಚುಕ್ಕಿ ಕೆಟ್ಟೋಯ್ತು. ನನ್ನಿಂದ್ಲೇ ಆಯ್ತು. ರಹಮತ್ ಭಾಯ್, ಒಂದು ಹೊಸ ರೋಲ್ ಹಾಕಿ ಕೊಡಿ, ಇದು ನನ್ನ ಕಡೆಯಿಂದ."

ಬ್ಯಾಟರಾಯಪ್ಪನಿಗೆ ಹೋದ ಜೀವ ಬಂದಂತಾಯಿತು. ಹೌದಲ್ಲ! ಕ್ಯಾಮರಾ ಇನ್ನೂ ಒಂದು ರಾತ್ರಿ ತನ್ನದು. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ರಹಮತುಲ್ಲಾರು ತಿರುಪಿಗೆ ಎಣ್ಣೆ ಬಿಟ್ಟು, ಹೊಸ ರೋಲು ಹಾಕಿ, "ಬೆಳಗ್ಗೇನೇ ತನ್ನಿ, ಮಧ್ಯಾಹ್ನದೊಳಗೆ ತೊಳ್ದು ಕೊಡೋ ಜವಾಬ್ದಾರಿ ನಂದು" ಎಂದರು. ಹನ್ನೆರಡು ಫೋಟೋ! ಹನ್ನೆರಡೂ ಕೃತ್ತಿಕೆಗೆ! ಬ್ಯಾಟರಾಯಪ್ಪ ಕ್ಯಾಮರಾವನ್ನು ಖಾದರ್ ಬಾಷಾನ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ, ಕಂಕುಳಲ್ಲಿ ಅವಿತಿಟ್ಟುಕೊಂಡು, ಕದ್ದವನ ಹಾಗೆ ಬಸ್ಸು ಹತ್ತಿದ.

ಆದರೆ ಬೆಳಗಿನ ಕಂಡಕ್ಟರೇ ಆ ಬಸ್ಸಿನಲ್ಲೂ ಇದ್ದ.

"ಏನ್ ಗುರುವೇ, ನಮ್ದು ಹೆಂಗ್ ಬಂದಿದೆ?"

ಬ್ಯಾಟರಾಯಪ್ಪ ಬಾಯಿ ತೆರೆಯುವಷ್ಟರಲ್ಲಿ ಖಾದರ್ ಬಾಷಾ ಉತ್ತರ ಕೊಟ್ಟ. "ಬಿದ್ದಿಲ್ಲಪ್ಪ. ಮಿಷಿನ್ನಲ್ಲಿ ಸ್ವಲ್ಪ ತೊಂದ್ರೆ. ಆದ್ರೆ ಚಿಂತೆ ಇಲ್ಲ, ಹೊಸ ರೋಲ್ ಹಾಕ್ಸಿದ್ದೀವಿ. ಪೂರ್ತಿ ಹನ್ನೆರಡು!"

ಅಟ್ಟೂರಿನಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿತ್ತು. ಬಸ್ ಸ್ಟಾಪಿನಲ್ಲಿ ಅರ್ಧ ಊರು ನಿಂತಿತ್ತು. ಎಲ್ಲರಿಗಿಂತ ಮುಂದೆ ದ್ರೌಪದಮ್ಮ, ಅದೇ ಸೀರೆಯಲ್ಲಿ.

"ನಂದು ತೋರ್ಸೋ."

"ಬಿದ್ದಿಲ್ಲ ದೊಡ್ಡಮ್ಮ."

"ಮತ್ತೆ ಕೈಯಲ್ಲಿರೋದು ಯಾರ್ದು?"

"ಇದು... ಗೌರಿದು."

"ಎಮ್ಮೆ ಬಿತ್ತಾ!" ದ್ರೌಪದಮ್ಮ ಊರಿಗೆಲ್ಲ ಕೇಳುವಂತೆ ಕೂಗಿದಳು. "ಮದ್ವೆ ಸೀರೆ ಉಟ್ಟು ಬೆವರು ಸುರಿಸ್ಕೊಂಡು ನಿಂತ ನಾನು ಬೀಳ್ಲಿಲ್ಲ, ಮೈಗೆ ಸಗಣಿ ಮೆತ್ಕೊಂಡು ನಿಂತ ಎಮ್ಮೆ ಬಿತ್ತಾ!"

ಮುನಿವೆಂಕಟಯ್ಯ ಜನರನ್ನು ಸರಿಸಿಕೊಂಡು ಬಂದು ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದ. ಬಹಳ ಹೊತ್ತು ನೋಡಿದ. "ಮೈಮ್ಯಾಲೆ ಇದೇನಪ್ಪ ಮಿಣಮಿಣ ಅಂತೈತೆ?"

"ಅದು ಆಕಾಶದ ನಕ್ಷತ್ರ ಮಾವ. ಅಕಸ್ಮಾತ್ ಸೇರ್ಕೊಂಡ್ಬಿಟ್ಟಿವೆ."

"ಅಕಸ್ಮಾತ್ ಏನ್ ಬಂತು? ನನ್ ಗೌರಿ ನೋಡೋಕೆ ಇಂಗೇ ಅವ್ಳೆ" ಎಂದು ಮುನಿವೆಂಕಟಯ್ಯ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು, ಚಿತ್ರವನ್ನು ಎದೆಗೆ ಒತ್ತಿಕೊಂಡು ಹೊರಟೇಹೋದ.

ಆಮೇಲೆ ನಡೆದದ್ದಕ್ಕೆ ಬ್ಯಾಟರಾಯಪ್ಪ ಕರ್ತನಲ್ಲ, ಸಾಕ್ಷಿ ಮಾತ್ರ. "ಮತ್ತೆ ಮರೀತೀರಿ" ಎಂದು ಮುಚ್ಚಳವನ್ನು ಖಾದರ್ ಬಾಷಾ ತನ್ನ ಜೇಬಿಗೆ ಹಾಕಿಕೊಂಡ. ತಿರುಪು ಸುತ್ತುವ ಕೆಲಸವನ್ನೂ ಅವನೇ ವಹಿಸಿಕೊಂಡ. ದ್ರೌಪದಮ್ಮ ನಿಂತು ಒಂದು, ಕೂತು ಒಂದು. ಬಸ್ಸಿನದು ಎರಡು. ಊರ ಮಕ್ಕಳೆಲ್ಲ ಸೇರಿ ಒಂದು, ಅದರಲ್ಲಿ ಅತ್ತವರನ್ನು ಸಮಾಧಾನ ಮಾಡಲು ಇನ್ನೊಂದು. ಮತ್ತೈದು ನೆರೆದವರಲ್ಲಿ ಮುಂದೆ ನುಗ್ಗಿದವರದು. ಪ್ರತಿ ಸಲ ಟಿಕ್ ಎಂದಾಗಲೂ ಬ್ಯಾಟರಾಯಪ್ಪನ ಎದೆಯಲ್ಲಿ ಒಂದು ನಕ್ಷತ್ರ ಆರಿಹೋಗುತ್ತಿತ್ತು.

ಹನ್ನೊಂದು ಮುಗಿದವು. ಸೂರ್ಯ ಮುಳುಗುವುದರಲ್ಲಿದ್ದ. ಬ್ಯಾಟರಾಯಪ್ಪ ಕ್ಯಾಮರಾವನ್ನು ಎರಡೂ ಕೈಯಿಂದ ತಬ್ಬಿಕೊಂಡ. "ಇನ್ನು ಒಂದೇ ಒಂದು ಇರೋದು. ಅದು ಮಾತ್ರ ಯಾರಿಗೂ ಇಲ್ಲ. ಕಾಲಿಗೆ ಬೀಳ್ತೀನಿ."

ನ್ಯಾಯವಾದ ಮಾತು ಎಂದು ಜನ ತಲೆದೂಗಿದರು. ಖಾದರ್ ಬಾಷಾನ ಕಣ್ಣೂ ತೇವವಾಯಿತು.

"ನಿಜ ಕಣ್ರೀ," ಎಂದ ಅವನು. "ಬೆಳಗ್ಗಿಂದ ಎಲ್ಲರದೂ ತೆಗೆದ್ರು. ಅವ್ರ ಮನೆಯೋರ್ದು ಒಂದಾದ್ರೂ ತೆಗೆದ್ರಾ? ಅಕ್ಕ ಅಲ್ಲಿ ಹಿಂದೆ ನಿಂತು ನೋಡ್ತಾನೇ ಇದಾರೆ. ಒಂದು ಮಾತು ಬಾಯಿ ಬಿಟ್ಟು ಕೇಳಿಲ್ಲ. ಕೊನೇದು ಅವ್ರದ್ದೇ!"

ಬ್ಯಾಟರಾಯಪ್ಪ ತಿರುಗಿ ನೋಡಿದ. ಗುಂಪಿನ ಹಿಂದೆ ಗಂಗಾದೇವಿ ನಿಂತಿದ್ದಳು. ಯಾವಾಗಲೋ ತಲೆ ಬಾಚಿಕೊಂಡು, ಕನಕಾಂಬರ ಮುಡಿದುಕೊಂಡು ಬಂದಿದ್ದಳು. ಮದುವೆಯಾದಂದಿನಿಂದ ಅವರಿಬ್ಬರದೂ ಒಟ್ಟಿಗೆ ಒಂದು ಫೋಟೋ ಇರಲಿಲ್ಲ. ಅವಳು ಸೆರಗನ್ನು ಒಂದು ಸಲ ಸರಿಮಾಡಿಕೊಂಡಳು, ಅಷ್ಟೆ.

ಬ್ಯಾಟರಾಯಪ್ಪನ ಕೈ ತಾನಾಗಿಯೇ ಸಡಿಲವಾಯಿತು. ಹೋಗಿ ಹೆಂಡತಿಯ ಪಕ್ಕದಲ್ಲಿ ನಿಂತ. "ಇಷ್ಟು ದೂರ ಯಾಕೆ, ಜಗಳ ಆಡಿದ್ದೀರಾ?" ಎಂದು ಯಾರೋ ಕೂಗಿದರು. ಇನ್ನೂ ಹತ್ತಿರ ನಿಂತ. ಖಾದರ್ ಬಾಷಾ ತಲೆ ಬಗ್ಗಿಸಿ ಗುಂಡಿ ಒತ್ತಿದ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಗಂಗಾದೇವಿ ನಾಚಿ ಮುಖ ತಿರುಗಿಸಿ ನಕ್ಕಳು. ಆ ನಗು ನೋಡಿ ಬ್ಯಾಟರಾಯಪ್ಪನಿಗೂ ಯಾಕೋ ನಗು ಬಂದುಬಿಟ್ಟಿತು.

ಸೂರ್ಯ ಮುಳುಗಿದ. ತೊಳೆದು ಬೋರಲಿಟ್ಟ ಕಡಾಯಿಯಂತೆ ಆಕಾಶ ಸ್ವಚ್ಛವಾಗಿತ್ತು. ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ, ಕೆರೆಯಾಚೆ, ಆರು ಮಂದಿ ತಾಯಂದಿರು ಒಬ್ಬೊಬ್ಬರಾಗಿ ಕಣ್ಣು ಬಿಡತೊಡಗಿದರು.

ದ್ರೌಪದಮ್ಮ ಹತ್ತಿರ ಬಂದು ಅವನ ಬೆನ್ನು ಸವರಿದಳು. "ಎಲ್ಲಾರ ಆಸೇನೂ ತೀರಿಸ್ದೆ ಕಣಪ್ಪ. ಹೋಗು, ಇನ್ನು ಬೆಳಗಾಗೋ ತನಕ ನಿನ್ನ ನಕ್ಷತ್ರದ ಫೋಟೋ ಎಷ್ಟು ಬೇಕೋ ಅಷ್ಟು ತಕ್ಕೋ. ನಾವ್ಯಾರೂ ಅಡ್ಡ ಬರಲ್ಲ."